ಹಸಿವೆಯಿಲ್ಲದವನ ಭೋಜನಧರ್ಮ

ಕಾಶೀಯಾತ್ರೆಗೆ ಬರುವ ನಮ್ಮ ಕಡೆಯವರು ವಾರಾಣಸಿ ಜಂಕ್ಷನ್ನಿನಲ್ಲಿ ಇಳಿದೊಡನೆ ಊರಿನವರೆಲ್ಲ ಅದನ್ನು ‘ಕ್ಯಾಂಟ್’ ಎಂದು ಕರೆಯುವುದನ್ನು ಕೇಳಿ, ಬೇರೆ ನಿಲ್ದಾಣದಲ್ಲಿ ಇಳಿದೆವೇನೋ ಎಂದು ಗಾಬರಿಯಾಗುವುದುಂಟು. ಕಂಟೋನ್ಮೆಂಟ್ ಪ್ರದೇಶಕ್ಕೆ ಹೊಂದಿಕೊಂಡಿರುವುದರಿಂದ ನಿಲ್ದಾಣಕ್ಕೆ ಆ ಹೆಸರು ಅಂಟಿದೆ. ರೈಲ್ವೆ ಸೇವೆಯಿಂದ ನಿವೃತ್ತರಾದ ಮೇಲೆ ನಾವು ನೆಲೆಸಿರುವುದು ಈ ಕಂಟೋನ್ಮೆಂಟಿನಲ್ಲಿಯೇ. ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಕೇಳಿಸುವಷ್ಟು ಕನ್ನಡ ಇಲ್ಲಿ ಕೇಳಿಸದು, ಗಂಗೆಯೂ ದೂರ. ಆದರೆ ನಿಲ್ದಾಣ ಹತ್ತಿರವಾದ್ದರಿಂದ ಬಂಧುಗಳು ಮೊದಲ ರಾತ್ರಿ ನಮ್ಮಲ್ಲಿ ತಂಗಿ, ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೊರಡುವುದು ವಾಡಿಕೆಯಾಗಿಬಿಟ್ಟಿದೆ.

2024ರ ಪಿತೃಪಕ್ಷದಲ್ಲಿ ನಮ್ಮ ತಂಗಿ ತನ್ನ ಮಗನೊಡನೆ ಬಂದಳು. ತಂದೆಯ ಶ್ರಾದ್ಧವನ್ನು ಕಾಶಿಯಲ್ಲಿ ಮುಗಿಸಿ, ಗಯೆಗೆ ಹೋಗಿ ಪಿಂಡಪ್ರದಾನ ಮಾಡಬೇಕೆಂಬುದು ಅವನ ಸಂಕಲ್ಪ. ಅಳಿಯನಿಗೆ ಆಗ 41 ವರ್ಷ, ಬೆಂಗಳೂರಿನಲ್ಲಿ ನೌಕರಿ. ಒಂದು ಕಾಲಕ್ಕೆ 126 ಕಿಲೋ ತೂಗುತ್ತಿದ್ದವನು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಎಲ್ಲವೂ ಇದ್ದುದರಿಂದ ಆ ವರ್ಷದ ಏಪ್ರಿಲಿನಲ್ಲಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಐದು ತಿಂಗಳಲ್ಲಿ 36 ಕಿಲೋ ಇಳಿದಿದ್ದ. ಹಿಂದೆ ಮದುವೆಮನೆಯಲ್ಲಿ ಎಣಿಸದೆ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ ಹುಡುಗ, ನಮ್ಮ ಮನೆಯ ಎಲೆಯ ಮುಂದೆ ನಾಲ್ಕು ತುತ್ತು ಉಂಡು ಉತ್ತರಾಪೋಶನಕ್ಕೆ ಕೈಯೊಡ್ಡಿದ. ನಾವು ನಮ್ಮ ಮನೆಯವರ ಎದುರಿಗೇ, ಅವನಿಗೂ ಕೇಳುವಂತೆ, “ನೋಡು, ಜಿತೇಂದ್ರಿಯತ್ವವೆಂದರೆ ಇದು” ಎಂದೆವು. ಆ ಮಾತನ್ನು ಆಡಿದ ನಾಲಗೆ ನಮ್ಮದಾದ್ದರಿಂದಲೇ ಈ ಲೇಖನವನ್ನು ನಾವು ಬರೆಯಬೇಕಾಯಿತು.

ಅವನು ಆಷಾಢದಿಂದಲೂ ಚಾತುರ್ಮಾಸ್ಯವ್ರತವನ್ನು ಬಿಟ್ಟಿರಲಿಲ್ಲ. ಶಾಕವ್ರತದಲ್ಲಿ ತರಕಾರಿಯಿಲ್ಲ, ತೊಗರಿಬೇಳೆಯೂ ಇಲ್ಲ. ದಧಿವ್ರತದಲ್ಲಿ, ಅವನ ಹೊಟ್ಟೆಗೆ ಹಿಡಿಸುತ್ತಿದ್ದ ಒಂದೇ ಪದಾರ್ಥವಾದ ಮೊಸರು ಹೋಯಿತು. ಭಾದ್ರಪದದ ಶುಕ್ಲ ದ್ವಾದಶಿಯಿಂದ ಕ್ಷೀರವ್ರತ ಹಿಡಿದಾಗ ಹಾಲು ಹೋಯಿತು. ಹಾಲಿನೊಡನೆ, ವೈದ್ಯರು ದಿನವೂ ತೆಗೆದುಕೊಳ್ಳಲೇಬೇಕೆಂದು ಬರೆದುಕೊಟ್ಟಿದ್ದ ಪ್ರೋಟೀನ್ ಪುಡಿಯ ಡಬ್ಬವನ್ನೂ ನಮ್ಮ ತಂಗಿ ಬೆಂಗಳೂರಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಿದ್ದಳು. ಹಾಲಿನ ಸಾರವೇ ಅದಲ್ಲವೇ ಎಂಬುದು ಅವಳ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ. ಅವನ ಕಾಲು ಊದಿಕೊಂಡಿದ್ದನ್ನು ಕಂಡು ನಮ್ಮ ಮನೆಯವರು “ಸದ್ಯ, ಸ್ವಲ್ಪ ಮೈ ಬಂದಿದೆ” ಎಂದರು. ಉಂಡದ್ದು ಹದಿನೈದು ದಿನಗಳಿಂದ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವೆಂಬುದನ್ನು ಅವನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಏಕಾದಶಿಯಂದು ನಿರ್ಜಲ ಉಪವಾಸ ಮಾಡಿದ. ಏಕಾದಶಿಯಂದು ಶ್ರಾದ್ಧವಿಲ್ಲದ ಕಾರಣ ದ್ವಾದಶಿಗೆ ಇಟ್ಟುಕೊಂಡಿದ್ದೆವು. ಸಂಕಲ್ಪವಾಗಿ, ಪಿತೃ, ಪಿತಾಮಹ, ಪ್ರಪಿತಾಮಹರ ಹೆಸರು ಹೇಳುವ ಘಟ್ಟ ಬಂದಾಗ, ತಂದೆಯ ಹೆಸರು ಹೇಳಿ ನಿಂತುಬಿಟ್ಟ. ತಾತನ ಹೆಸರು ಬರಲಿಲ್ಲ. ಅವನಿಗಿಟ್ಟಿರುವುದೇ ಆ ಹೆಸರು! ಪುರೋಹಿತರು ಎರಡು ಸಲ ಕೇಳಿದರು. ಅವನ ಕಣ್ಣು ಎಲ್ಲಿಯೋ ನೆಟ್ಟಿತ್ತು. ಹಿಂದಿನಿಂದ ತಂಗಿ ಹೆಸರು ಹೇಳಿಕೊಟ್ಟಳು. ಪಟ್ಟಣದಲ್ಲಿ ಬೆಳೆದವರಿಗೆ ಮೂರು ತಲೆಮಾರಿನ ಹೆಸರೂ ನೆನಪಿರುವುದಿಲ್ಲವೆಂದು ಮನಸ್ಸಿನಲ್ಲಿಯೇ ಬೈದುಕೊಂಡವರು ನಾವು. ಮರುದಿನ ಗಯೆಯ ಗಾಡಿಗೆಂದು ಹೊರಟಾಗ ಕ್ಯಾಂಟ್ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲಿನಲ್ಲಿ ಕುಸಿದ.

ಆಸ್ಪತ್ರೆಯಲ್ಲಿದ್ದ ತರುಣ ವೈದ್ಯರು ಸಕ್ಕರೆ ಕಾಯಿಲೆಯ ಮಾತನ್ನು ಅರ್ಧಕ್ಕೇ ತಡೆದು, ಎಷ್ಟು ದಿನದಿಂದ ವಾಂತಿಯಾಗುತ್ತಿದೆ, ಏನು ತಿನ್ನುತ್ತಿದ್ದಾರೆ ಎಂದು ಎರಡೇ ಪ್ರಶ್ನೆ ಕೇಳಿದರು. ಗ್ಲೂಕೋಸಿನ ಬಾಟಲಿ ತೂಗುಹಾಕುವ ಮೊದಲು ಥಯಮಿನ್ ಎಂಬ ಬಿ-1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಈ ಜೀವಸತ್ವ ಶರೀರದಲ್ಲಿ ಕೆಲವು ವಾರಗಳಿಗೆ ಸಾಲುವಷ್ಟು ಮಾತ್ರ ಸಂಗ್ರಹವಾಗಿರುತ್ತದೆಂದೂ, ಅದು ಬರಿದಾದವನಿಗೆ ಮೊದಲೇ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಇನ್ನಷ್ಟು ಹಾನಿಯಾಗಬಹುದೆಂದೂ, ಮರೆವು, ಕಣ್ಣಿನ ಸ್ತಬ್ಧತೆ, ನಡಿಗೆಯ ತೊಡರು ಇವೆಲ್ಲ ಅದರ ಲಕ್ಷಣಗಳೆಂದೂ ಆಮೇಲೆ ವಿವರಿಸಿದರು. ಪಥ್ಯ ಹೇಳುವ ಹುಡುಗಿ ಬಂದು ತಂಗಿಯನ್ನು ಕೂರಿಸಿಕೊಂಡು ಹಿಂದಿನ ದಿನಗಳ ಆಹಾರವನ್ನು ಬರೆದುಕೊಂಡಳು. ಬೆಳಿಗ್ಗೆ ಹಾಲಿಲ್ಲದ ಕಾಫಿ. ಮಧ್ಯಾಹ್ನ ನಾಲ್ಕು ತುತ್ತು ತಿಳಿಸಾರಿನ ಅನ್ನ, ಅರ್ಧ ಲೋಟ ಮಜ್ಜಿಗೆ. ರಾತ್ರಿ ಒಂದು ಬಾಳೆಹಣ್ಣು. ಲೆಕ್ಕ ಹಾಕಿ ಹೇಳಿದಳು: ದಿನಕ್ಕೆ ಪ್ರೋಟೀನ್ ಹತ್ತು ಗ್ರಾಮಿನಷ್ಟು. ಇಂಥ ಶಸ್ತ್ರಚಿಕಿತ್ಸೆಯಾದವರಿಗೆ ಕನಿಷ್ಠ 60 ಗ್ರಾಂ ಬೇಕು; 80 ಆದರೂ ಅಡ್ಡಿಯಿಲ್ಲ. “ಇವರಿಗೆ ರೋಗವೇನೂ ಇಲ್ಲ, ಬಾಬೂಜಿ. ಇವರು ಊಟ ಮಾಡಿಲ್ಲ, ಅಷ್ಟೇ” ಎಂದಳು.

ವೇದಾಂತದ ಪಾಠ ಹೇಳಿಸಿಕೊಂಡು, ಉಪನಿಷತ್ತುಗಳನ್ನು ಮತ್ತೆ ಮತ್ತೆ ತಿರುವಿಹಾಕಿದ ನಮಗೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಪ್ರಸಂಗ ನೆನಪಾಯಿತು. ಛಾಂದೋಗ್ಯದ ಆರನೆಯ ಅಧ್ಯಾಯವೆಂದರೆ ನಮ್ಮ ವಾಚಕರಿಗೆ ತಟ್ಟನೆ ಹೊಳೆಯುವುದು ಅಲ್ಲಿ ಒಂಬತ್ತು ಬಾರಿ ಬರುವ ಆ ವಾಕ್ಯ ಮತ್ತು ಅದರ ಪದಚ್ಛೇದದ ವಾದ. ಅಕಾರವನ್ನು ಎಲ್ಲಿ ಬಿಡಿಸಬೇಕೆಂದು ತಲೆಮಾರುಗಳಿಂದ ವಾದಿಸುವ ನಾವು, ಅದರ ಹಿಂದಿನ ಖಂಡವನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಅಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಹದಿನೈದು ದಿನ ಉಣ್ಣಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಹದಿನೈದು ದಿನ ಕಳೆದು ಬಂದ ಮಗನಿಗೆ ವೇದವನ್ನು ಹೇಳು ಎಂದಾಗ, ಹನ್ನೆರಡು ವರ್ಷ ಗುರುಕುಲದಲ್ಲಿದ್ದು ಕಲಿತ ವೇದ ಒಂದೂ ತೋಚುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಣುಕುಹುಳುವಿನಷ್ಟು ಕೆಂಡ ಉಳಿದಿದ್ದರೆ ಅದು ಹೆಚ್ಚೇನನ್ನೂ ಸುಡಲಾರದು. ಹದಿನಾರು ಕಲೆಗಳಲ್ಲಿ ನಿನ್ನಲ್ಲಿ ಒಂದು ಉಳಿದಿದೆ. ಹೋಗಿ ಉಣ್ಣು ಎನ್ನುತ್ತಾನೆ ತಂದೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಮನಸ್ಸು ಅನ್ನದಿಂದಾದದ್ದೆಂದು ಉದ್ದಾಲಕನು ಮಗನಿಗೆ ವಾದದಿಂದ ಸಾಧಿಸಲಿಲ್ಲ. ಹಸಿವಿನಿಂದ ಸಾಧಿಸಿ ತೋರಿಸಿದನು. ಇಲ್ಲಿ ಗಮನಿಸಬೇಕಾದದ್ದು, ಆ ಪರೀಕ್ಷೆಯಲ್ಲಿಯೂ ನೀರನ್ನು ನಿಷೇಧಿಸಲಿಲ್ಲ. ನಮ್ಮ ಅಳಿಯ ತಾತನ ಹೆಸರನ್ನು ಮರೆತದ್ದು ಸಂಸ್ಕಾರದ ಕೊರತೆಯಿಂದಲ್ಲ. ಆ ಕೆಂಡ ಆರುತ್ತಿತ್ತು. ಅದನ್ನು ಊದುವ ಬದಲು ನಾವು ಹೊಗಳುತ್ತಿದ್ದೆವು.

ಈ ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ಸ್ವಲ್ಪ ತಿಳಿಯದೆ ಮುಂದಿನ ವಿಚಾರ ಸ್ಪಷ್ಟವಾಗದು. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಬೇರ್ಪಡಿಸಿ ಅದನ್ನು ಕರುಳಿಗೆ ಜೋಡಿಸುವ ಕ್ರಮವನ್ನು ಸ್ಥೂಲಕಾಯರಲ್ಲಿ ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವುದು ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಕೊಳವೆಯೊಂದನ್ನು ಉಳಿಸುವ ಕ್ರಮ. ನಮ್ಮ ಅಳಿಯನದು ಇದು. ಕತ್ತರಿಸಿ ತೆಗೆಯುವ ಭಾಗದಲ್ಲಿಯೇ ಹಸಿವೆಯ ದೂತನೊಬ್ಬ ಹುಟ್ಟುತ್ತಾನೆ. 1999ರಲ್ಲಿ ಜಪಾನಿನ ಕೋಜಿಮಾ, ಕಂಗಾವಾ ಮೊದಲಾದವರು ಅದನ್ನು ಗುರುತಿಸಿ ಘ್ರೆಲಿನ್ ಎಂದು ಹೆಸರಿಟ್ಟರು. ಅದು ರಕ್ತದಲ್ಲಿ ಏರಿದಾಗ ನಮಗೆ ಹಸಿವಾಗುತ್ತದೆ. ಆ ಭಾಗವೇ ಹೋದ ಮೇಲೆ ಬಹಳ ದಿನಗಳವರೆಗೆ ಹಸಿವೆಯೆಂಬುದು ಸರಿಯಾಗಿ ಬರುವುದಿಲ್ಲ. ಹಸಿವಾದಾಗ ಉಣ್ಣಬೇಕೆಂದು ಹುಟ್ಟಿನಿಂದ ಕಲಿತ ಜೀವಿಗೆ, ಹಸಿವೆಯನ್ನು ನಂಬಿದರೆ ಕೆಡುವೆನೆಂಬ ವಿಚಿತ್ರ ಸ್ಥಿತಿ ಬರುತ್ತದೆ.

ಹಾಗಾದರೆ ದೇಹದಲ್ಲಿ ಇಷ್ಟು ಕೊಬ್ಬು ಇರುವಾಗ ಉಪವಾಸದಿಂದ ಹಾನಿಯೇನು ಎಂಬ ಶಂಕೆ ಬರುತ್ತದೆ, ನಮಗೂ ಬಂದಿತ್ತು. 1980ರ ದಶಕದಲ್ಲಿ ನಾವು ನೌಕರಿಗೆ ಸೇರಿದಾಗ ಹಬೆಯ ಎಂಜಿನ್ನುಗಳು ಇನ್ನೂ ಓಡುತ್ತಿದ್ದವು. ಟೆಂಡರಿನಲ್ಲಿ ಕಲ್ಲಿದ್ದಲು ಗುಡ್ಡದಂತೆ ತುಂಬಿರಲಿ, ಬಾಯ್ಲರಿನಲ್ಲಿ ನೀರು ಇಳಿದು ಒಲೆಯ ನೆತ್ತಿ ಬರಿದಾದರೆ ಅಲ್ಲಿರುವ ಸೀಸದ ಪ್ಲಗ್ ಕರಗಿ ಬೆಂಕಿಯ ಮೇಲೆ ಹಬೆ ನುಗ್ಗಿ ಎಂಜಿನ್ ನಿಲ್ಲುತ್ತಿತ್ತು. ಕಲ್ಲಿದ್ದಲಿದೆಯಲ್ಲ ಎಂದು ಚಾಲಕನು ಮೇಲಧಿಕಾರಿಗೆ ಸಮಜಾಯಿಷಿ ಕೊಡುವಂತಿರಲಿಲ್ಲ. ಕೊಬ್ಬು ಶಾಖವನ್ನು ಕೊಡಬಲ್ಲದು. ಮಾಂಸಖಂಡ, ರಕ್ತ, ಕೂದಲು, ಗಾಯ ಮಾಯುವ ಶಕ್ತಿ ಇವುಗಳನ್ನು ಕಟ್ಟುವ ಪ್ರೋಟೀನನ್ನಾಗಲಿ, ಜೀವಸತ್ವಗಳನ್ನಾಗಲಿ ಕೊಡಲಾರದು. ಹೊರಗಿನಿಂದ ಬಾರದಿದ್ದರೆ ದೇಹ ತನ್ನ ಮಾಂಸವನ್ನೇ ಒಡೆದುಕೊಳ್ಳುತ್ತದೆ. ತಕ್ಕಡಿಯಲ್ಲಿ ಕಿಲೋ ಇಳಿಯುತ್ತದೆ, ಮನೆಯವರು ಸಂತೋಷಪಡುತ್ತಾರೆ. ಇಳಿದದ್ದು ಕೊಬ್ಬೋ ತೋಳೋ ಎಂದು ತಕ್ಕಡಿ ಹೇಳುವುದಿಲ್ಲ.

ಇಲ್ಲಿ ಕೆಲವರು ಹೇಳುವ ಮಾತನ್ನು ಪೂರ್ವಪಕ್ಷವಾಗಿ ಇಟ್ಟುಕೊಳ್ಳೋಣ. ಬಾಯಿಯನ್ನು ಕಟ್ಟಲಾರದವನು ಹೊಟ್ಟೆಯನ್ನು ಕತ್ತರಿಸಿಕೊಂಡ. ಲೋಭದ ಫಲವನ್ನು ಅನುಭವಿಸಲಿ ಎಂಬುದು ಅವರ ಮಾತು. ಇದಕ್ಕೆ ಹೆಚ್ಚು ಹೊತ್ತು ವ್ಯಯಿಸುವುದು ಅನಾವಶ್ಯಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಸ್ಥೂಲಕಾಯರು. ಇಷ್ಟು ಮಂದಿ ಒಂದೇ ತಲೆಮಾರಿನಲ್ಲಿ ಲೋಭಿಗಳಾದರೆಂದು ಹೇಳುವವರು, ಹಳ್ಳಿಯ ಅಗ್ರಹಾರವನ್ನು ಬಿಟ್ಟು ಪಟ್ಟಣಗಳಿಗೆ ಬಂದು ಕುರ್ಚಿಯಲ್ಲಿ ಹತ್ತು ಗಂಟೆ ಕುಳಿತು, ಊಟವನ್ನು ಮಾತ್ರ ಅಗ್ರಹಾರದ್ದನ್ನೇ ಉಳಿಸಿಕೊಂಡ ನಮ್ಮ ಕುಟುಂಬಗಳ ಸೊಂಟದ ಅಳತೆಯನ್ನು ಮೊದಲು ತೆಗೆದುಕೊಳ್ಳಲಿ. ಒಮ್ಮೆ ಏರಿದ ತೂಕವನ್ನು ದೇಹವೇ ಹಟದಿಂದ ಕಾಪಾಡಿಕೊಳ್ಳುತ್ತದೆಂಬುದು ಇಂದಿನ ವೈದ್ಯಶಾಸ್ತ್ರದ ಸಿದ್ಧಾಂತ.

ಎರಡನೆಯ ಶಂಕೆ ಗಂಭೀರವಾದದ್ದು. ದಿನವಿಡೀ ಗ್ರಾಂ ಎಣಿಸುತ್ತ, ತಕ್ಕಡಿ ಹಿಡಿದು ಉಣ್ಣುವುದು ದೇಹಾತ್ಮಬುದ್ಧಿಯಲ್ಲವೇ? ಊಟದ ಆಸೆ ತಾನಾಗಿ ಹೋಗಿರುವಾಗ ಅದನ್ನು ಭಗವಂತನ ಕೃಪೆಯೆಂದು ಸ್ವೀಕರಿಸಿ ವೈರಾಗ್ಯವನ್ನು ಬೆಳೆಸಿಕೊಳ್ಳಬಾರದೇ? ನಮ್ಮ ಹೊಗಳಿಕೆಯ ಹಿಂದೆ ಇದ್ದುದು ಈ ಶಂಕೆಯೇ. ಆದರೆ ಹಸಿವೆ ಹೋಗುವುದು ಬೇರೆ, ಆಸೆ ಹೋಗುವುದು ಬೇರೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು, ಉಣ್ಣದವನಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಉಳಿಯುತ್ತದೆಂದೂ, ರುಚಿ ಹೋಗುವುದು ಪರಮಾತ್ಮನ ದರ್ಶನದಿಂದಲೆಂದೂ ಹೇಳಿರುವನು. ಅಳಿಯ ಚೇತರಿಸಿಕೊಂಡ ಮೇಲೆ ನಾವು ಕೇಳಿದಾಗ ಅವನು ನಕ್ಕು, “ಮಾಮಾ, ಹಸಿವಿಲ್ಲ. ಆದರೆ ನಿಮ್ಮ ಬೀದಿಯ ಜಿಲೇಬಿ ಕಂಡರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಒಂದು ತಿಂದೆ, ಅರ್ಧ ಗಂಟೆ ಬೆವರು, ಎದೆ ಡವಡವ” ಎಂದ. ಸಿಹಿ ಒಮ್ಮೆಲೇ ಕರುಳಿಗೆ ಇಳಿಯುವುದರಿಂದ ಕೆಲವರಿಗೆ ಹೀಗಾಗುತ್ತದಂತೆ. ಕತ್ತಿ ಹಸಿವೆಯನ್ನು ಕತ್ತರಿಸಿತು, ರಸವನ್ನು ಮುಟ್ಟಲಿಲ್ಲ. ಅವನು ತಿನ್ನದೆ ಬಿಟ್ಟದ್ದು ಸಾರಿನ ಬೇಳೆಯನ್ನು; ಅದನ್ನು ಬಿಡಲು ಯಾವ ವೈರಾಗ್ಯವೂ ಬೇಕಿರಲಿಲ್ಲ, ಹಸಿವಿಲ್ಲದಿದ್ದರೆ ಸಾಕಿತ್ತು. ಪ್ರಯತ್ನವಿಲ್ಲದೆ ಬಂದ ಅಭಾವವನ್ನು ತ್ಯಾಗವೆಂದು ಲೆಕ್ಕಕ್ಕೆ ಹಿಡಿದವರು ನಾವು.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಇದಕ್ಕಿಂತ ಕಠಿನವಾದ ಮಾತಿದೆ. ಶಾಸ್ತ್ರವಿಧಿಯಿಲ್ಲದ ಘೋರ ತಪಸ್ಸನ್ನು ಡಂಭ ಅಹಂಕಾರಗಳಿಂದ ಮಾಡಿ ದೇಹದ ಭೂತಗಳನ್ನು ಕೃಶಗೊಳಿಸುವವರು ಒಳಗಿರುವ ತನ್ನನ್ನೂ ಪೀಡಿಸುವರೆಂದು ಭಗವಂತನೇ ಹೇಳುವನು. ಡಂಭ ಅವನಲ್ಲಿರಲಿಲ್ಲ; ಅದನ್ನು ಬಿತ್ತಿದವರು ನಾವು, ನೀರೆರೆದವರು ನಾವು. ಸ್ವತಂತ್ರನು ಒಬ್ಬನೇ, ಜೀವನು ಪರತಂತ್ರನು ಎಂಬುದು ನಮ್ಮ ಸಿದ್ಧಾಂತದ ಮೂಲವಾಗಿರುವಾಗ ಈ ದೇಹವನ್ನು ‘ನನ್ನದು, ನಾನು ಸವೆಸುತ್ತೇನೆ’ ಎನ್ನುವ ಅಧಿಕಾರ ಯಾರಿಗಿದೆ? ಸರ್ಕಾರದ ಎಂಜಿನನ್ನು ನಂಬಿ ಒಪ್ಪಿಸಿದಾಗ ಅದರ ನೀರನ್ನು ನೋಡಿಕೊಳ್ಳುವುದು ಎಂಜಿನ್ನಿನ ಮೇಲಣ ಮೋಹವಲ್ಲ. ನಾಲ್ಕು ವಿಧದ ಅನ್ನವನ್ನು ವೈಶ್ವಾನರನಾಗಿ ಪಚನ ಮಾಡುವವನು ತಾನೆಂದು ಅದೇ ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಹೇಳಿದೆ. ನಾವು ನಿತ್ಯ ಪ್ರಾಣಾಹುತಿ ಹಾಕುವುದು ಆ ಅಗ್ನಿಗೆ. ಅಗ್ನಿಕುಂಡ ಚಿಕ್ಕದಾಯಿತೆಂದು ಆಹುತಿಯನ್ನು ನಿಲ್ಲಿಸುವ ವಿಧಿ ಎಲ್ಲಿಯೂ ಕಾಣೆವು. ಚಿಕ್ಕ ಚಿಕ್ಕದಾಗಿ, ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಹಸಿದವನ ಊಟದಲ್ಲಿ ಅರ್ಧ ಭಾಗ ಹಸಿವೆಯ ಕೆಲಸ. ಹಸಿವಿಲ್ಲದವನು, ರುಚಿಯಿಲ್ಲದ್ದನ್ನು, ಗಡಿಯಾರ ನೋಡಿಕೊಂಡು, ನುಣ್ಣಗೆ ಅಗಿದು, ದಿನಕ್ಕೆ ಆರು ಬಾರಿ ಉಣ್ಣುವುದೇ ನಮ್ಮ ಕಣ್ಣಿಗೆ ಈಗ ನಿಷ್ಕಾಮ ಕರ್ಮದಂತೆ ಕಾಣುತ್ತದೆ.

ನಮ್ಮ ಪರಂಪರೆಯಲ್ಲಿ ಊಟ ಎಂದೂ ನಾಚಿಕೆಯ ವಿಷಯವಾಗಿರಲಿಲ್ಲ. ವಾಯುದೇವರ ದ್ವಿತೀಯಾವತಾರದ ಹೆಸರೇ ವೃಕೋದರ. ತೃತೀಯಾವತಾರರಾದ ಶ್ರೀಮದಾಚಾರ್ಯರು ಶಿಶುವಾಗಿದ್ದಾಗ, ತಾಯಿ ಹೊರಗೆ ಹೋಗಿದ್ದ ಸಮಯದಲ್ಲಿ ಅಳುವ ಮಗುವಿಗೆ ಅಕ್ಕ ಬೇಯಿಸಿದ ಹುರುಳಿಯನ್ನು ತಿನ್ನಿಸಿದ ಕಥೆ ಸುಮಧ್ವವಿಜಯದಲ್ಲಿದೆ. ಪಥ್ಯ ಹೇಳುವ ಹುಡುಗಿಗೆ ಈ ಕಥೆಯನ್ನು ಹೇಳಿದೆವು. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ರೋಟೀನ್ ಇದೆಯೆಂದು ಅವಳು ಒಪ್ಪಿ, ಆದರೆ ಈ ಹೊಟ್ಟೆಗೆ ಸದ್ಯ ಬೇಡ, ಹೆಸರುಬೇಳೆ ಸಾಕು ಎಂದಳು.

ಮೊಟ್ಟೆಯ ಮಾತು ಬರುವುದೆಂದು ನಾವು ಹೆದರಿದ್ದೆವು. ಅವಳು ಬನಾರಸದವಳು, ಇಂಥ ಮನೆಗಳನ್ನು ಕಂಡಿದ್ದಾಳೆ. ಕೇಳದೆಯೇ ಸಸ್ಯಾಹಾರದ ಲೆಕ್ಕ ಬರೆದಳು. 200 ಮಿಲಿಲೀಟರ್ ಹಾಲಿಗೆ ಸುಮಾರು 6 ಗ್ರಾಂ ಪ್ರೋಟೀನ್, 100 ಗ್ರಾಂ ಗಟ್ಟಿ ಮೊಸರಿಗೆ 3ರಿಂದ 4, ಅಷ್ಟೇ ಪನೀರಿಗೆ 18ರ ಸುಮಾರು, ಬೇಯಿಸದ ಬೇಳೆ 100 ಗ್ರಾಮಿಗೆ 22ರಿಂದ 24, ಸೋಯಾ ಚಂಕ್ಸಿಗೆ 50, ಅನ್ನಕ್ಕೆ ಎರಡೂವರೆ. ಈ ಪಟ್ಟಿಯನ್ನು ನೋಡಿದಾಗ ನಮ್ಮ ಅಡುಗೆಯ ಒಂದು ಪದ್ಧತಿ ಕಣ್ಣಿಗೆ ಹೊಡೆಯಿತು. ಗೌರವಕ್ಕೆಂದು ಎಲೆಗೆ ಬಡಿಸುವುದು ತಿಳಿಸಾರು. ಬೇಳೆ ಪಾತ್ರೆಯ ತಳದಲ್ಲಿಯೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾದವನಿಗೆ ಪಾತ್ರೆಯ ತಳವೇ ಬೇಕು. ತಟ್ಟೆಯಲ್ಲಿ ಮೊದಲು ಬೇಳೆ, ಪನೀರು, ಮೊಸರು. ಅವು ಮುಗಿದು ಜಾಗವಿದ್ದರೆ ಅನ್ನ. ಎರಡು ಲೋಟ ಹಾಲು, 100 ಗ್ರಾಂ ಪನೀರು, ಸುಮಾರು 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಒಂದೂವರೆ ಬಟ್ಟಲು ಮೊಸರು, ಒಂದು ಅಳತೆ ಪುಡಿ ಸೇರಿದರೆ 65 ಗ್ರಾಮನ್ನು ದಾಟುತ್ತದೆ. ಇಷ್ಟನ್ನು ಅವನು ಹೊತ್ತು ಹೊತ್ತಿಗೆ ಹಂಚಿಕೊಂಡು ಮುಗಿಸಬೇಕು. ಈ ಊರಿನ ಸತ್ತು, ಹುರಿದ ಕಡಲೆಯ ಹಿಟ್ಟು, ನಮ್ಮ ಹುರಿಹಿಟ್ಟಿನ ಬಂಧು, ನೀರಿನಲ್ಲಿ ಕದಡಿದರೆ ಅವನ ಹೊಟ್ಟೆಗೆ ಸುಲಭವಾಗಿ ಇಳಿಯುತ್ತದೆ. ಬೆಂಗಳೂರಿಗೆ ಹೋಗುವಾಗ ಎರಡು ಕಿಲೋ ಕಟ್ಟಿಸಿಕೊಂಡು ಹೋದ.

ಊಟದೊಡನೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು ಎಂದಾಗ ತಂಗಿಗೆ ಆಪೋಶನದ ಚಿಂತೆ ಹತ್ತಿತು. ಉದ್ಧರಣೆಯಷ್ಟು ನೀರಿನಿಂದ ಏನೂ ಆಗದು. ದಿನಕ್ಕೆ ಎರಡೇ ಭೋಜನವೆಂಬ ನಿಯಮದ ಚಿಂತೆಯೂ ಬೇಡ. ನಡುವಿನ ನಾಲ್ಕು ಔಷಧಗಳು. ಮಾತ್ರೆಗಳ ವಿಷಯದಲ್ಲಿ ಮಾತ್ರ ನಮ್ಮವರು ಎಚ್ಚರದಿಂದಿರಬೇಕು. ಬಿ-12, ಕಬ್ಬಿಣ, ಸುಣ್ಣ, ಡಿ ಇವು ಇಂಥವರಿಗೆ ಜೀವನಪರ್ಯಂತ ಬೇಕಾಗುತ್ತವೆ. ಬಿ-12 ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಆದ್ದರಿಂದ ಅದನ್ನು ಬಿಡುವಂತೆಯೇ ಇಲ್ಲ. ಅನೇಕ ಕ್ಯಾಪ್ಸೂಲುಗಳ ಕವಚ ಪಶುಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್. ಇದನ್ನು ಕೇಳಿ ಔಷಧವನ್ನೇ ಎಸೆದವರುಂಟು. ಎಸೆಯಬೇಕಾದದ್ದಿಲ್ಲ, ಗುಳಿಗೆಯ ರೂಪದಲ್ಲಿಯೋ, ಸಸ್ಯಮೂಲದ ಕವಚದಲ್ಲಿಯೋ, ಚುಚ್ಚುಮದ್ದಾಗಿಯೋ ಬರೆದುಕೊಡಿರೆಂದು ವೈದ್ಯರನ್ನು ಕೇಳಬಹುದು.

ಇನ್ನು ವ್ರತದ ವಿಚಾರ. ನಾವು ಧರ್ಮನಿರ್ಣಯ ಮಾಡಲು ಅಧಿಕಾರಿಗಳಲ್ಲ. ಆಸ್ಪತ್ರೆಯಿಂದ ಬಂದ ಮೇಲೆ, ನಮಗೆ ಪಾಠ ಹೇಳಿದ ವೃದ್ಧ ಪಂಡಿತರಿಗೆ ದೂರವಾಣಿ ಮಾಡಿ ನಡೆದದ್ದನ್ನೆಲ್ಲ, ನಮ್ಮ ಹೊಗಳಿಕೆಯನ್ನೂ ಸೇರಿಸಿ, ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಏಕಾದಶಿಯನ್ನು ಎಂಟು ವರ್ಷದಿಂದ ಎಂಬತ್ತು ವರ್ಷದವರೆಗೆ ವಿಧಿಸಿದ ಸ್ಮೃತಿಯೇ ಅಶಕ್ತನಿಗೆ ಹಾಲು ಹಣ್ಣುಗಳ ಅನುಕಲ್ಪವನ್ನೂ ಹೇಳಿದೆ. ನೀವು ಮೊದಲರ್ಧ ಓದಿ ಪುಸ್ತಕ ಮುಚ್ಚಿದಿರೇನು?” ಎಂದರು. ನೀರು, ಕಂದಮೂಲ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಅಪೇಕ್ಷೆ, ಗುರುವಿನ ಮಾತು, ಔಷಧ ಈ ಎಂಟು ವ್ರತವನ್ನು ಕೆಡಿಸವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿರುವುದನ್ನೂ ನೆನಪಿಸಿದರು. ಇಲ್ಲಿ ಕಾಶಿಯ ಕಡೆ ಜ್ಯೇಷ್ಠದ ಏಕಾದಶಿಯನ್ನು ಭೀಮಸೇನನ ಹೆಸರಿನಿಂದ ಕರೆಯುವರು. ಹೊಟ್ಟೆಯ ಅಗ್ನಿಯ ಕಾರಣ ಪ್ರತಿ ಏಕಾದಶಿ ಮಾಡಲಾರೆನೆಂದು ಅವನು ವ್ಯಾಸರನ್ನೇ ಕೇಳಿದನೆಂಬ ಕಥೆಯಿದೆ. ಕಥೆಯ ಪ್ರಾಮಾಣ್ಯವನ್ನು ಪಂಡಿತರು ವಿಚಾರಿಸಲಿ. ತನ್ನ ಹೊಟ್ಟೆಯ ಸ್ಥಿತಿಯನ್ನು ಮುಚ್ಚಿಡದೆ ಗುರುಗಳ ಮುಂದೆ ಹೇಳಿಕೊಂಡನಲ್ಲ, ಆ ಭಾಗ ನಮಗೆ ಸಾಕು. ನಮ್ಮ ಅಳಿಯ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವಂತೆ ನಾವು ಇರಲಿಲ್ಲ.

ಚಾತುರ್ಮಾಸ್ಯವನ್ನೋ, ಅವನು ಬಿಡಬೇಕಾಗಿರಲಿಲ್ಲ! ಪಂಡಿತರೊಡನೆ ಕುಳಿತವರಂತೆ ತಿಂಗಳು ತಿಂಗಳನ್ನೂ ಎಣಿಸಿ ನೋಡಿದೆವು. ಶಾಕವ್ರತದಲ್ಲಿ ಹೆಸರುಬೇಳೆ, ಹಾಲು, ಮೊಸರು ಎಲ್ಲವೂ ಇವೆ. ದಧಿವ್ರತದಲ್ಲಿ ಮೊಸರು ಹೋದರೆ ಹಾಲು, ಬೇಳೆ ಉಳಿಯುತ್ತವೆ. ಕ್ಷೀರವ್ರತದಲ್ಲಿ ಹಾಲು ಹೋದರೆ ಮೊಸರು ಮರಳಿ ಬರುತ್ತದೆ, ಬೇಳೆಯೂ ಇದೆ. ದ್ವಿದಳವ್ರತದಲ್ಲಿ ಬೇಳೆಕಾಳು ಹೋದಾಗ ಹಾಲು, ಮೊಸರು, ಪನೀರು ಮೂರೂ ಕೈಗೆ ಬರುತ್ತವೆ. ಹಿರಿಯರು ಒಂದು ಬಾಗಿಲನ್ನು ಮುಚ್ಚಿದಾಗ ಮತ್ತೊಂದನ್ನು ತೆರೆದೇ ಇಟ್ಟಿದ್ದಾರೆ. ಅಳಿಯನ ಮನೆಯಲ್ಲಿ ಆದದ್ದೇನೆಂದರೆ, ಮುಚ್ಚಿದ ಬಾಗಿಲನ್ನು ಎಲ್ಲರೂ ಭಕ್ತಿಯಿಂದ ನೋಡಿದರು. ತೆರೆದದ್ದರ ಮೂಲಕ ಯಾರೂ ಬಡಿಸಲಿಲ್ಲ. ಪುಡಿಯ ವಿಷಯಕ್ಕೆ ಪಂಡಿತರು, ಔಷಧವೆಂದು ವೈದ್ಯರು ಬರೆದುಕೊಟ್ಟದ್ದನ್ನು ಔಷಧವೆಂದೇ ದೇವರಿಗೆ ನಿವೇದಿಸಿ ಕೊಡಿರಿ ಎಂದರು. ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷವಾದರೂ ದೀರ್ಘ ಉಪವಾಸ ಬೇಡವೆಂಬುದು ವೈದ್ಯರ ಮಾತು. ಅದಕ್ಕೂ ಅವರು ಒಪ್ಪಿದರು. ಬೇರೆ ಮನೆಗಳವರು ತಮ್ಮ ವೈದ್ಯರನ್ನೂ ತಮ್ಮ ಗುರುಗಳನ್ನೂ ಕೇಳಿಯೇ ನಡೆಯಬೇಕು. ಒಬ್ಬರನ್ನು ಕೇಳಿ ಇನ್ನೊಬ್ಬರಿಂದ ಮುಚ್ಚಿಡುವುದು ಬೇಡ.

ಪಂಕ್ತಿಯ ವಿಷಯವಾಗಿ ಒಂದು ಮಾತು ಉಳಿಯಿತು. ಇಂಥವರು ತೀರ್ಥಪ್ರಸಾದಕ್ಕೆ ಕುಳಿತಾಗ ನಮ್ಮ ಉಪಚಾರವೇ ಅವರಿಗೆ ಶತ್ರು. ಹೋಳಿಗೆಯನ್ನು ಬಲವಂತವಾಗಿ ಹಾಕುವವರು ಒಂದು ಕಡೆ, ಎಲೆಯಲ್ಲಿ ಬಿಟ್ಟರೆಂದು ಮುಖ ಸಿಂಡರಿಸುವವರು ಇನ್ನೊಂದು ಕಡೆ. “ಎಷ್ಟು ಇಳಿದಿರಿ?” ಎಂದು ಎಲ್ಲರೂ ಕೇಳುತ್ತಾರೆ. “ಇಂದು ಏನು ಉಂಡಿರಿ?” ಎಂದು ಕೇಳುವವರಿಲ್ಲ. ಬಡಿಸುವವರು ಗಟ್ಟಿ ತೊವ್ವೆಯನ್ನು ಒಂದು ಸೌಟು ಹೆಚ್ಚಾಗಿ, ಅನ್ನವನ್ನು ಒಂದು ಹಿಡಿ ಕಡಿಮೆಯಾಗಿ ಹಾಕಿದರೆ ಅದೇ ದೊಡ್ಡ ಉಪಕಾರ.

ಅಳಿಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಮರೆವು ಬೇಗ ಹೋಯಿತು, ನಡಿಗೆಯ ತೊಡರು ಹೋಗಲು ಎರಡು ತಿಂಗಳು ಹಿಡಿಯಿತು. ಸಕಾಲದಲ್ಲಿ ಬಂದಿರಿ ಎಂದು ವೈದ್ಯರು ಹೇಳಿದಾಗ ತಂಗಿ ನಮ್ಮ ಕಡೆ ನೋಡಲಿಲ್ಲ. ಗಯೆ ಉಳಿದುಹೋಯಿತು.

2025ರ ಮಾರ್ಚಿನಲ್ಲಿ, ಪ್ರಯಾಗದ ಮಹಾಕುಂಭದ ನೂಕುನುಗ್ಗಲು ಕಳೆದು ಗಾಡಿಗಳಲ್ಲಿ ಜಾಗ ಸಿಗುವಂತಾದ ಮೇಲೆ, ತಾಯಿ ಮಗ ಮತ್ತೆ ಬಂದರು. ಈ ಸಲ ನಾವೂ ಜೊತೆಗೆ ಹೋದೆವು. ಶ್ರಾದ್ಧ ಮುಗಿಯುವವರೆಗೆ ಕರ್ತೃವು ಉಣ್ಣುವಂತಿಲ್ಲವಾದ್ದರಿಂದ, ಮೊದಲೇ ಕೇಳಿ ತಿಳಿದುಕೊಂಡಿದ್ದಂತೆ, ಬೆಳಗಿನಲ್ಲಿ ಹಾಲನ್ನೂ ಔಷಧವನ್ನೂ ತೆಗೆದುಕೊಂಡ. ಫಲ್ಗು ನದಿಯ ದಡದಲ್ಲಿ, ವಿಷ್ಣುಪಾದದಲ್ಲಿ, ಅಕ್ಷಯವಟದಲ್ಲಿ ಮೂರು ತಲೆಮಾರಿನ ಹೆಸರುಗಳನ್ನೂ ಗೋತ್ರವನ್ನೂ ತಡೆಯದೆ ಹೇಳಿದ. ಬ್ರಾಹ್ಮಣರ ಭೋಜನವಾದ ಮೇಲೆ ಧರ್ಮಶಾಲೆಯ ಜಗಲಿಯಲ್ಲಿ ಕುಳಿತು ತನ್ನ ಚಿಕ್ಕ ಬಟ್ಟಲಿನಲ್ಲಿ ಹೆಸರುಬೇಳೆಯ ತೊವ್ವೆಯನ್ನೂ ಮೊಸರನ್ನೂ ಹಾಕಿಸಿಕೊಂಡ. ಒಂದೊಂದು ತುತ್ತನ್ನೂ ಎಣಿಸಿದಂತೆ ಅಗಿಯುತ್ತಿದ್ದ. ಮುಖದಲ್ಲಿ ರುಚಿಯ ಗುರುತಿರಲಿಲ್ಲ. ಸ್ಟೇಷನ್ನಿಗೆ ಕರೆದೊಯ್ಯಬೇಕಾದ ಆಟೋದವನು ಎರಡು ಸಲ ಬಂದು ಹೊತ್ತಾಯಿತೆಂದ. ತಂಗಿ ಅವಸರಪಡುತ್ತ ಎದ್ದಳು. ಇನ್ನೂ ಊಟವಾಗಿಲ್ಲ, ಗಾಡಿ ಹೋದರೆ ಹೋಗಲಿ ಎಂದು ಆಟೋದವನಿಗೆ ಹೇಳಿ, ನಾವು ಅವನ ಎದುರಿಗೆ ಕುಳಿತುಕೊಂಡೆವು. ರೈಲ್ವೆಯಲ್ಲಿ ಅಷ್ಟು ವರ್ಷ ಇದ್ದರೂ ಈ ಮಾತು ನಮ್ಮ ಬಾಯಿಂದ ಬಂದದ್ದು ಅದೇ ಮೊದಲು.